ಎರಡು ಡಿಸ್ಕಿನ ಸಾಹೇಬರು

ಬೆಳಗಾವಿಯ ಮಹಾಂತೇಶ ನಗರದ ನಮ್ಮ ಓಣಿಯಲ್ಲಿ ಅವರ ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು ಇದು. ಅಕ್ಕರೆಯಿಂದ ಇಟ್ಟದ್ದಲ್ಲ. ಕಂಪ್ಯೂಟರಿಗೆ ಎರಡು ಡಿಸ್ಕ್ ಕೊಂಡು ತಂದು ಒಂದರಷ್ಟೇ ಜಾಗ ಬಳಸುವ ತಿಳಿಗೇಡಿ ಎಂಬ ಅರ್ಥದಲ್ಲಿ ಇಟ್ಟದ್ದು. ಹಾಗೆ ಕರೆದು ನಕ್ಕವರಲ್ಲಿ ನಮ್ಮ ಮನೆಯವರೂ ಒಬ್ಬರು, ಅದನ್ನು ಮುಚ್ಚಿಡುವುದಿಲ್ಲ. ಸಾಹೇಬರು ಲಿಂಗೈಕ್ಯರಾಗಿ ಈ ಶ್ರಾವಣಕ್ಕೆ ಒಂದು ವರ್ಷ. ಈಗ ಅದೇ ಬಾಯಿಗಳು ‘ಎಂಥಾ ದೊಡ್ಡ ಮನಶಾ’ ಅನ್ನುತ್ತಿವೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಣ್ಣು ಪರೀಕ್ಷೆ ಮಾಡಿ ನಿವೃತ್ತರಾಗಿ ಬಂದು ನಮ್ಮ ಪಕ್ಕದ ಮನೆಯಲ್ಲಿ ಇದ್ದವರು ಅವರು. ಮದುವೆಯಾಗಿರಲಿಲ್ಲ. ಎರಡು ಭಕ್ರಿ, ಒಂದು ಪಲ್ಯ ತಾವೇ ಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಗೆ ಬಂದರೆ ಚಹಾ ಕುಡಿಯುವ ಮೊದಲು ಕಪ್ಪಿನ ಅಂಚಿಗೆ ಉಗುರಿನಿಂದ ಒಮ್ಮೆ ಬಡಿದು ಕೇಳುತ್ತಿದ್ದರು. ನಾದ ಸರಿ ಇದ್ದರೆ ಕುಡಿಯುವರು. ಕೂದಲೆಳೆಯಷ್ಟು ಸೀಳು ಇದ್ದರೂ ಕಪ್ಪನ್ನು ಸುಮ್ಮನೆ ಬದಿಗೆ ಸರಿಸುವರು. ಹೀಗೆ ನನ್ನ ಆರು ಕಪ್ಪಿನ ಸೆಟ್ಟಿನಲ್ಲಿ ಎರಡನ್ನು ಮೊದಲ ವಾರವೇ ನಪಾಸು ಮಾಡಿದರು. ನನ್ನ ಅತ್ತೆಯವರಿಗೆ ಇದು ದೊಡ್ಡ ಅಪಮಾನವೆನಿಸಿತ್ತು. ಆದರೆ ಆ ಎರಡೂ ಕಪ್ಪು ಬಿಸಿನೀರು ಹಾಕಿದಾಗ ಸೀಳಿದವು. ಒಂದು ದೀಪಾವಳಿಗೆ, ಇನ್ನೊಂದು ಅದರ ಮುಂದಿನ ತಿಂಗಳು.

ಬಂದವರ ಚಪ್ಪಲಿಗೆ ಹತ್ತಿದ ಕೆಸರು ನೋಡಿ ‘ಹಿಂಡಲಗಾ ಕಡಿಂದ ಬಂದ್ರೇನು?’ ಎಂದು ಕೇಳುತ್ತಿದ್ದರು. ಹತ್ತಕ್ಕೆ ಎಂಟು ಸಲ ಸರಿ ಇರುತ್ತಿತ್ತು. ಉಳಿದೆರಡು ಸಲ ಬಂದವರೇ ಸುಳ್ಳು ಹೇಳುತ್ತಿದ್ದಾರೆ ಎಂದು ಸಂಶಯಪಡುತ್ತಿದ್ದರು.

ಕಾರ್ಖಾನೆಯ ಕೆಲಸ ವಾರಕ್ಕೆ ಆರು ದಿನ. ಏಳನೆಯ ದಿನ ಅವರು ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಖಾನಾಪುರ ತಾಲೂಕಿನ ಹಳ್ಳಿಗಳಿಗೆ ಹೋಗಿ ಕೆರೆಯ ಮಣ್ಣು, ಗದ್ದೆಯ ಮಣ್ಣು, ಹಳ್ಳದ ದಂಡೆಯ ಮಣ್ಣು ತರುತ್ತಿದ್ದರು. ಅಂಗೈಯಗಲದ ಬಿಲ್ಲೆ ಮಾಡಿ, ಭಟ್ಟಿಯ ಮೂಲೆಯಲ್ಲಿ ಸುಟ್ಟು, ಎಷ್ಟು ಕುಗ್ಗಿತು, ಯಾವ ಬಣ್ಣ ಬಂತು, ಎಲ್ಲಿ ಸೀಳಿತು, ಎಷ್ಟು ಮರಳು ಬೆರೆಸಿದರೆ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕಾರ್ಖಾನೆಗೆ ಅದರ ಉಪಯೋಗವಿರಲಿಲ್ಲ. ಉಪಯೋಗವಿದ್ದದ್ದು ಕುಂಬಾರರಿಗೆ. ಒಂದು ಕೆರೆಯ ಮಣ್ಣು ತೀರಿದ ಕುಂಬಾರ ಇನ್ನೊಂದು ಊರಿನ ಮಣ್ಣಿಗೆ ಕೈ ಹಾಕಿದರೆ, ಅದನ್ನು ಪಳಗಿಸಿಕೊಳ್ಳಲು ವರ್ಷಗಟ್ಟಲೆ ಗಡಿಗೆ ಒಡೆಯಬೇಕು. ಸಾಹೇಬರ ನೋಟ್‌ಬುಕ್ಕಿನಲ್ಲಿ ಅದು ಎರಡು ಸಾಲಿನ ಮಾತು.

ಇಪ್ಪತ್ತೆರಡು ನೋಟ್‌ಬುಕ್ಕುಗಳು ಒಂದು ಟ್ರಂಕಿನಲ್ಲಿದ್ದವು. ಒಂದು ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಒಂಬತ್ತನ್ನು ಗೆದ್ದಲು ತಿಂದು ಮುಗಿಸಿತ್ತು. ಒಂದನ್ನು ತಂದು ನನ್ನ ಕೈಯಲ್ಲಿಟ್ಟರು. ಮೇಲಿನ ರಟ್ಟು ಹಾಗೇ ಇತ್ತು. ತೆರೆದರೆ ಒಳಗೆ ಹುತ್ತದ ಮಣ್ಣು.

‘ಮಣ್ಣಿನ ಲೆಕ್ಕಾನ ಮಣ್ಣ ನುಂಗಿತು ನೋಡ್ರಿ ಬಾಯಾರ’ ಅಂದರು. ನಾನು ಹೈಸ್ಕೂಲಿನ ಆಫೀಸಿನಲ್ಲಿ ಟೈಪಿಸ್ಟ್ ಆದ್ದರಿಂದ ಓಣಿಯವರೆಲ್ಲರ ಹಾಗೆ ಅವರೂ ನನ್ನನ್ನು ಶಿಕ್ಷಕಿಯರನ್ನು ಕರೆಯುವಂತೆ ಬಾಯಾರ ಎಂದೇ ಕರೆಯುತ್ತಿದ್ದರು. ನಗುತ್ತಲೇ ಹೇಳಿದರು. ಆದರೆ ಆವತ್ತಿನ ಕಪ್ಪನ್ನು ಬಡಿದು ನೋಡಲಿಲ್ಲ, ಹಾಗೇ ಕುಡಿದರು.

ಕಂಪ್ಯೂಟರ್ ಬಂದದ್ದು ಅದರ ನಂತರ, ಎರಡು ಸಾವಿರದ ಇಸವಿಯ ಆಜೂಬಾಜು. ಒಂದು ಮಾಸಿಕದ ಜೊತೆ ಪುಕ್ಕಟೆ ಬಂದ ಸೀಡಿಯಿಂದ, ಯಂತ್ರ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಕೊಂಡರು. ಉಳಿದ ಹದಿಮೂರು ನೋಟ್‌ಬುಕ್ಕು ಟೈಪು ಮಾಡಿಕೊಡುತ್ತೀರಾ ಎಂದು ಕೇಳಿದರು, ನಾನು ಒಪ್ಪಿದೆ. ದಿನಾ ಸಂಜೆ ಐದರಿಂದ ಆರೂವರೆ, ಎರಡು ವರ್ಷ. ಆಗ ಆ ಯಂತ್ರದಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ‘ಕೆರೆಮಣ್ಣು ಏಳು ಪಾಲು’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಬಿಲ್ಲೆಗಳ ಫೋಟೋವನ್ನು ಅವರು ಬೇರೆ ತೆಗೆದು ಸೇರಿಸುತ್ತಿದ್ದರು.

ಡಿಸ್ಕಿನ ವಿಚಾರ ಮಾತ್ರ ಅವರು ಎರಡು ತಿಂಗಳು ತೂಗಿ ನೋಡಿದರು. ಒಂದು ಡಿಸ್ಕ್ ಯಾವಾಗಲಾದರೂ ಸಾಯುವುದೇ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬೇಕು, ಒಂದು ಸತ್ತರೂ ಲೆಕ್ಕ ಉಳಿಯಬೇಕು. ಇದಕ್ಕೆ ರೇಡ್ ಅನ್ನುತ್ತಾರೆ, ಅದರಲ್ಲಿ ನಾಲ್ಕಾರು ತರಹ ಇವೆ ಎಂದು ನಾನು ಕಲಿತದ್ದು ಅವರಿಂದ. ಪೇಟೆಯ ಕಂಪ್ಯೂಟರ್ ಅಂಗಡಿಯವನು ಎರಡು ಇಪ್ಪತ್ತು ಜಿಬಿ ಡಿಸ್ಕ್ ಕೂಡಿಸಿ ನಲವತ್ತು ಮಾಡಿಕೊಡುತ್ತೇನೆ, ಓಟವೂ ಜೋರಾಗುತ್ತದೆ ಎಂದ. ಅದರಲ್ಲಿ ಒಂದು ಸತ್ತರೆ ಎರಡೂ ಸತ್ತಂತೆ ಎಂದು ಇವರು ಎದ್ದು ಬಂದರು. ಮತ್ತೊಮ್ಮೆ ಹೋದಾಗ, ಪುಣೆಯಿಂದ ಒಂದು ಕಾರ್ಡು ತರಿಸುತ್ತೇನೆ, ಎಲ್ಲ ಅದೇ ನೋಡಿಕೊಳ್ಳುತ್ತದೆ ಎಂದ. ಆ ಕಾರ್ಡೇ ಸುಟ್ಟರೆ ಅಂಥದ್ದೇ ಇನ್ನೊಂದು ಎಲ್ಲಿ ಹುಡುಕಲಿ ಎಂದು ಮತ್ತೆ ಎದ್ದು ಬಂದರು. ಲಿನಕ್ಸಿಗೆ ತಾನೇ ಆ ಕೆಲಸ ಬರುತ್ತಿತ್ತು, ಕಾರ್ಡಿನ ಹಂಗಿರಲಿಲ್ಲ.

ಮೂರು ಡಿಸ್ಕಿನದೊಂದು ಪದ್ಧತಿ ಅವರಿಗೆ ಬಹಳ ಸೇರಿತ್ತು. ನಮ್ಮ ಅಡುಗೆಮನೆಯಲ್ಲಿ ಅಲಸಂದಿ ಕಾಳು ತೆಗೆದುಕೊಂಡು ತೋರಿಸಿದರು. ಒಂದು ವಾಟಿಯಲ್ಲಿ ಮೂರು ಕಾಳು, ಇನ್ನೊಂದರಲ್ಲಿ ಐದು, ಮೂರನೆಯದರಲ್ಲಿ ಎರಡರ ಮೊತ್ತ ಎಂಟು. ಯಾವ ವಾಟಿ ಕಳೆದರೂ ಉಳಿದೆರಡನ್ನು ನೋಡಿ ಅದರಲ್ಲಿ ಎಷ್ಟಿತ್ತು ಅಂತ ಹೇಳಬಹುದು. ಜಾಗವೂ ಉಳಿತಾಯ. ನಮ್ಮ ಅತ್ತೆಯವರು, ಆ ಕಾಳು ಪಲ್ಯಕ್ಕೆ ಬೇಕು, ಪಾಠ ಮುಗಿದಿದ್ದರೆ ಕೊಡಿ ಎಂದರು. ಸಾಹೇಬರು ಕಾಳು ಕೊಟ್ಟರು, ಆ ಪದ್ಧತಿಯನ್ನೂ ಬಿಟ್ಟರು.

‘ಇಬ್ಬರಾದ್ರೂ ಕೂಡಿ ಕುಂತಾಗಷ್ಟ ಮಾತು ಬರ್ತದ್ರಿ. ಒಬ್ಬನ್ನ ಬಾಜೂಕ ಕರದು ಕೇಳಿದ್ರ ಅರ್ಧಾ ಮಾತೂ ಇಲ್ಲ. ಅದ ಜೋಡೀದು ಹಂಗಲ್ಲ. ಇವಗ ಗೊತ್ತಿದ್ದದ್ದ ಅವಗೂ ಗೊತ್ತು. ಯಾವನ್ನ ಒಬ್ಬನ್ನ ಎಬ್ಬಿಸಿ ಕೇಳ್ರಿ, ಪೂರ್ತಿ ಹೇಳತಾನ.’

ಹೀಗೆ ಜೋಡಿಯೇ ನಿಂತಿತು. ಒಂದರಲ್ಲಿ ಬರೆದದ್ದು ಅದೇ ಕ್ಷಣಕ್ಕೆ ಇನ್ನೊಂದರಲ್ಲೂ ಬರೆಯಲ್ಪಡುವಂತೆ. ಅಂಗಡಿಯವನು ಒಂದೇ ಪೆಟ್ಟಿಗೆಯಿಂದ ಎರಡು ತೆಗೆದು ಮುಂದಿಟ್ಟ. ಇವರು ಒಂದನ್ನೇ ತೆಗೆದುಕೊಂಡು, ಎರಡನೆಯದನ್ನು ಮೂರು ತಿಂಗಳು ಬಿಟ್ಟು ಹುಬ್ಬಳ್ಳಿಗೆ ಹೋಗಿ ಬೇರೆ ಕಂಪನಿಯದನ್ನು ತಂದರು. ಒಂದೇ ಭಟ್ಟಿಯಲ್ಲಿ ಒಂದೇ ದಿನ ಸುಟ್ಟ ಹಂಚು ಒಂದೇ ಮಳೆಗಾಲದಲ್ಲಿ ಒಡೆಯುತ್ತವೆ ಎಂಬುದು ಅವರ ಮೂವತ್ತು ವರ್ಷದ ಅನುಭವ. ಓಣಿಯವರಿಗೆ ನಗಲು ಇದು ಇನ್ನೊಂದು ಕಾರಣವಾಯಿತು. ಮುದುಕ ಡಿಸ್ಕ್ ತರಲು ಹುಬ್ಬಳ್ಳಿಗೆ ಬಸ್ಸು ಹಿಡಿದ ಅಂತ.

ಜೋಡಣೆಯಾದ ಮೇಲೆ ಒಂದು ಸಂಜೆ ನಾನು ಟೈಪು ಮಾಡುತ್ತಿರುವಾಗಲೇ ಡಬ್ಬಿಯ ಬದಿ ತೆಗೆದು ಒಂದು ಡಿಸ್ಕಿನ ವಾಯರನ್ನು ಎಳೆದುಬಿಟ್ಟರು. ನನ್ನ ಕೈ ನಿಂತಿತು. ಹಾಗೆ ಎಳೆಯುವುದು ತಪ್ಪು ಎಂದು ಅವರೇ ಒಪ್ಪಿಕೊಂಡರು, ಆದರೆ ಕಣ್ಣಾರೆ ನೋಡದೆ ಅವರಿಗೆ ನಂಬಿಕೆಯಿಲ್ಲ. ಟೈಪು ಮಾಡ್ರಿ ಎಂದರು. ಮಾಡಿದೆ. ಒಂದು ಅಕ್ಷರವೂ ಹೋಗಿರಲಿಲ್ಲ. ಆ ಮುಖದ ಸಂತೋಷವನ್ನು ನಾನು ಇನ್ನಾರಲ್ಲೂ ನೋಡಿಲ್ಲ. ದಿನಾ ಮುಂಜಾನೆ ಸ್ನಾನ, ಇಷ್ಟಲಿಂಗ ಪೂಜೆ ಮುಗಿಸಿ ಅವರು ಮೊದಲು ಮಾಡುತ್ತಿದ್ದದ್ದು, ಡಿಸ್ಕುಗಳ ಕ್ಷೇಮ ಕೇಳುವುದು. ಎರಡೂ ಚೆನ್ನಾಗಿದ್ದರೆ ಪರದೆಯ ಮೇಲೆ ಇಂಗ್ಲಿಷಿನ ಯು ಅಕ್ಷರ ಎರಡು ಸಲ ಬರುತ್ತದೆ. ಎರಡು ಯು ಕಂಡ ಮೇಲೆಯೇ ಚಹಾ.

ಆದರೆ ಅವರು ಮೈಮರೆತವರಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಈಗ ಕೆಲವರು ‘ಅಷ್ಟೆಲ್ಲಾ ಮಾಡಿದ್ರು, ಏನಾತು?’ ಅನ್ನುತ್ತಾರೆ. ಅವರೇ ನನಗೆ ಎಷ್ಟು ಸಲ ಹೇಳಿದ್ದರು: ಡಿಸ್ಕ್ ಸತ್ತರೆ ಜೋಡಿ ಕಾಯುತ್ತದೆ, ಮನುಷ್ಯನ ಕೈ ತಪ್ಪಿದರೆ ಕಾಯುವುದಿಲ್ಲ, ಇದರಲ್ಲಿ ಅಳಿಸಿದ್ದು ಅದರಲ್ಲೂ ಅಳಿಯುತ್ತದೆ ಎಂದು. ಸೀಡಿ ಬರೆಯುವ ಯಂತ್ರ ಕೊಂಡು, ಎಲ್ಲವನ್ನೂ ಸೀಡಿಗೆ ಹಾಕಿ, ಒಂದನ್ನು ಖಾನಾಪುರದಲ್ಲಿ ಯಲ್ಲಪ್ಪನ ಮನೆಯಲ್ಲಿ ಇಡಬೇಕೆಂದಿದ್ದರು.

ಯಲ್ಲಪ್ಪ ಖಾನಾಪುರದ ಬದಿಯ ಹಳ್ಳಿಯ ಕುಂಬಾರ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ. ಅವನ ರಂಜಣಗಿಗೆ, ಅಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಗೆ, ಬೆಳಗಾವಿಯಲ್ಲೂ ಗಿರಾಕಿಗಳಿದ್ದರು. ಅಪ್ಪನ ಕಾಲದಿಂದ ಮಣ್ಣು ತರುತ್ತಿದ್ದ ಕೆರೆಯ ದಂಡೆಯಲ್ಲಿ ಇಟ್ಟಂಗಿ ಭಟ್ಟಿಯವರು ಬಂದು ತಳ ಕಾಣುವವರೆಗೂ ತೋಡಿಬಿಟ್ಟರು. ನಂದಗಡದ ಕಡೆ ಕರಿಮಣ್ಣು ಸಿಗುತ್ತಿತ್ತು, ಆದರೆ ಅದರಲ್ಲಿ ಮಾಡಿದ ರಂಜಣಗಿ ಒಂದಾದ ಮೇಲೊಂದು ಸುಡುವಾಗ ಆವಿಗೆಯಲ್ಲೇ ಸೀಳುತ್ತಿದ್ದವು. ಅವನು ಸಾಹೇಬರ ಹತ್ತಿರ ಬಂದಾಗ ನಾನು ಅಲ್ಲೇ ಟೈಪು ಮಾಡುತ್ತಿದ್ದೆ. ‘ಆ ಮಣ್ಣು ನನ್ನ ಹತ್ರ ಐತಿ, ಹದಿನಾರ ಥರಾ ಬೆರಸಿ ನೋಡೀನಿ. ಮಳಿಗಾಲ ಮುಗದ ಮ್ಯಾಲೆ ಬಾ, ಕೂತು ಬರಕೊಳ್ಳೂಣು’ ಎಂದರು. ಮಳೆಗಾಲದಲ್ಲಿ ಹೇಗೂ ಆವಿಗೆ ಹಚ್ಚುವುದಿಲ್ಲ. ಸೀಡಿಯ ಯಂತ್ರವೂ ಮಳೆಗಾಲದ ನಂತರ. ಶ್ರಾವಣದ ಎರಡನೆಯ ಸೋಮವಾರ ಮುಂಜಾನೆ ಅವರು ಪೂಜೆಗೆ ಕುಳಿತವರು ಏಳಲಿಲ್ಲ.

ಇಬ್ಬರು ತಮ್ಮಂದಿರು ಬಂದರು. ದೊಡ್ಡವರು ಇಲ್ಲೇ ಬೆಳಗಾವಿಯ ದಂಡಿನ ಕ್ಯಾಂಪಿನ ಬದಿಗೆ ಇರುವವರು, ಸಣ್ಣವರದು ಖಾನಾಪುರದಲ್ಲಿ ಸಿಮೆಂಟು ಅಂಗಡಿ. ಶಿವಗಣಾರಾಧನೆಯಾದ ಮರುದಿನ ಹಿರಿಯರು ಕುಳಿತು ಅವರ ಸಾಮಾನಿನ ವಾಟಣಿ, ಅಂದರೆ ಹಂಚಿಕೆ, ಮಾಡಿದರು. ಆ ಮನೆತನದ ವಾಟಣಿಯ ನಿಯಮ ಒಂದೇ: ಜೋಡಿ ಇದ್ದದ್ದನ್ನು ಒಡೆದು ಒಬ್ಬರಿಗೊಂದು. ದೀಪದ ಸಮಯಿ ಎರಡಿದ್ದವು, ಒಂದೊಂದು. ತಾಮ್ರದ ಹಂಡೆ ಎರಡು, ಒಂದೊಂದು. ಕಂಪ್ಯೂಟರಿನ ಸರದಿ ಬಂದಾಗ ಪರದೆ ಒಬ್ಬರಿಗೆ, ಡಬ್ಬಿ ಒಬ್ಬರಿಗೆ ಅಂದರು. ಆಗ ಯಾರೋ ಹಿರಿಯರು, ‘ಒಳಗ ಎರಡು ಡಿಸ್ಕ್ ಅದಾವಲ್ಲ, ಊರಿಗೇ ಗೊತ್ತೈತಿ’ ಎಂದು ನಗುತ್ತಾ ನೆನಪು ಮಾಡಿದರು. ಅವನ್ನೂ ಬಿಚ್ಚಿ ಒಂದೊಂದು ಕೊಟ್ಟರು.

ನಾನು ಚಹಾದ ತಾಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅದರಲ್ಲಿ ಮಣ್ಣಿನ ಲೆಕ್ಕ ಇದೆ, ಕುಂಬಾರರಿಗೆ ಬೇಕು ಎಂದೆ. ದೊಡ್ಡ ತಮ್ಮ ಬಹಳ ಮರ್ಯಾದೆಯಿಂದ ಹೇಳಿದರು: ‘ಎರಡರಾಗೂ ಒಂದ ಐತಿ ಅಂತೀರಲ್ರಿ ಅಕ್ಕಾರ. ಅಂದ ಮ್ಯಾಲೆ ಇಬ್ಬರ ಮನ್ಯಾಗೂ ಇರ್ತದ.’

ನನಗೆ ಅದು ಸರಿ ಅನ್ನಿಸಿತು. ಸರಿ ಅನ್ನುವುದೇನು, ಸಮಾಧಾನವೇ ಆಯಿತು. ಒಂದೇ ಡಬ್ಬಿಯಲ್ಲಿದ್ದದ್ದು ಈಗ ಎರಡು ಊರಿನಲ್ಲಿ ಇರುತ್ತದೆ, ಸಾಹೇಬರಿಗೆ ಮಾಡಲಾಗದೆ ಉಳಿದದ್ದನ್ನು ತಮ್ಮಂದಿರು ಮಾಡಿದರು ಅಂದುಕೊಂಡೆ. ಯಾವನನ್ನು ಎಬ್ಬಿಸಿ ಕೇಳಿದರೂ ಪೂರ್ತಿ ಹೇಳುತ್ತಾನಲ್ಲ. ತಾಟು ತೆಗೆದುಕೊಂಡು ಮನೆಗೆ ಬಂದೆ. ನನ್ನ ತಪ್ಪು ಇದು. ಒಬ್ಬರಾದರೂ ಒಂದನ್ನು ನನ್ನ ಕೈಗೆ ಕೊಡಿ ಎಂದು ಹಟ ಹಿಡಿಯಬೇಕಿತ್ತು.

ದಸರಾ ಕಳೆದ ಮೇಲೆ ಯಲ್ಲಪ್ಪ ಬಂದ. ಸಾಹೇಬರು ಹೋದದ್ದು ಅವನಿಗೆ ಗೊತ್ತಿತ್ತು, ಲೆಕ್ಕಕ್ಕಾಗಿ ನನ್ನ ಹತ್ತಿರ ಬಂದಿದ್ದ. ಇಬ್ಬರೂ ಕ್ಯಾಂಪಿಗೆ ಹೋದೆವು. ದೊಡ್ಡ ತಮ್ಮನವರು ಒಳ್ಳೆಯ ಮನುಷ್ಯರೇ, ತಿನ್ನಲು ಫರಾಳ ಕೊಟ್ಟರು. ಡಿಸ್ಕನ್ನು ತಮ್ಮ ಮನೆಯ ಕಂಪ್ಯೂಟರಿಗೆ ಹಾಕಿಸಿದ್ದರು. ಆ ಕಂಪ್ಯೂಟರಿನದು ಬೇರೆ ಪದ್ಧತಿ, ಅದಕ್ಕೆ ಲಿನಕ್ಸಿನ ಡಿಸ್ಕು ಓದಲು ಬರುವುದಿಲ್ಲ. ಓದಲು ಬಾರದ್ದನ್ನು ಅದು ಖಾಲಿ ಎಂದು ತೋರಿಸಿ, ಹೊಸದಾಗಿ ತಯಾರು ಮಾಡಲೇ ಎಂದು ಕೇಳಿದೆ. ಇವರು ಹೂಂ ಎಂದು ಒತ್ತಿದ್ದಾರೆ. ಈಗ ಅದರ ತುಂಬ ಸಿನಿಮಾ ಹಾಡು, ಆಟ.

‘ಖಾಲಿ ಇತ್ರಿ ಅಕ್ಕಾರ, ಆಣಿ ಮಾಡತೀನಿ. ತಮ್ಮನದ್ರಾಗ ಇರಬೇಕು, ಅಲ್ಲಿ ನೋಡ್ರಿ.’

ಮರುದಿನ ರಜೆ ಹಾಕಿ ಖಾನಾಪುರದ ಬಸ್ಸು ಹತ್ತಿದೆ. ಯಲ್ಲಪ್ಪ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ಸಣ್ಣ ತಮ್ಮನವರ ಅಂಗಡಿಯ ಕಂಪ್ಯೂಟರು ಅವರ ಅಣ್ಣನದಕ್ಕಿಂತ ಬೇರೆಯಲ್ಲ, ಕೇಳಿದ ಪ್ರಶ್ನೆಯೂ ಅದೇ, ಇವರು ಒತ್ತಿದ್ದೂ ಅದೇ. ತನಗೆ ಬಂದದ್ದೇ ಖಾಲಿ, ಅಣ್ಣನದರಲ್ಲಿ ಇರುತ್ತದೆಂದು ತಿಳಿದಿದ್ದೆ ಎಂದರು. ಹದಿಮೂರು ನೋಟ್‌ಬುಕ್ಕು ಎಲ್ಲಿ ಎಂದು ಕೇಳಿದೆ. ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕಿದ್ದಾರೆ. ಎಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು.

ಯಲ್ಲಪ್ಪ ಇಡೀ ಹೊತ್ತು ಸಿಮೆಂಟು ಚೀಲದ ಪಕ್ಕ ನಿಂತಿದ್ದವನು ಆಗ ಬಾಯಿ ಬಿಟ್ಟ.

‘ಇದೂ ಖಾಲಿ, ಅದೂ ಖಾಲಿ. ಹಂಗಾರ ಸಾಹೇಬ್ರು ಎರಡು ವರ್ಷ ಖಾಲಿ ಡಬ್ಬಿ ಕಾಯ್ಕೊಂತ ಕುಂತಿದ್ರೇನ್ರಿ, ಮಾಲಕ?’

ಸಣ್ಣ ತಮ್ಮನವರು ಬೇಕಾದರೆ ಆ ಡಿಸ್ಕನ್ನು ಬಿಚ್ಚಿಸಿ ವಾಪಸು ಕೊಡುತ್ತೇನೆ ಎಂದರು. ಕೊಟ್ಟರು ಕೂಡ. ಪೇಟೆಯ ಅಂಗಡಿಯವನಿಗೆ ತೋರಿಸಿದೆ. ಹೊಸದಾಗಿ ತಯಾರು ಮಾಡಿ, ಮೇಲೆ ಅಷ್ಟೊಂದು ತುಂಬಿದ ಮೇಲೆ ಅಡಿಯಲ್ಲಿ ಏನು ಉಳಿದೀತು ಎಂದ. ಅವನ ದನಿಯಲ್ಲಿ ನಗುವಿರಲಿಲ್ಲ, ಅಷ್ಟರಮಟ್ಟಿಗೆ ಅವನು ವಾಸಿ.

ನನ್ನ ಸಿಟ್ಟು ಆ ತಮ್ಮಂದಿರ ಅಜ್ಞಾನದ ಮೇಲಲ್ಲ. ಯಂತ್ರ ಖಾಲಿ ಎಂದು ತೋರಿಸಿದರೆ ಯಾರಾದರೂ ನಂಬುತ್ತಾರೆ. ಅಣ್ಣನ ಮೂವತ್ತು ವರ್ಷ ಅದರಲ್ಲಿದೆ ಎಂದು ನಾನು ಬಾಯಿ ಬಿಟ್ಟು ಹೇಳಿದ ಮೇಲೂ, ಖಾಲಿ ಕಂಡಾಗ ಒಬ್ಬರೂ ಇನ್ನೊಬ್ಬರಿಗೆ ಒಂದು ಫೋನು ಮಾಡಲಿಲ್ಲವಲ್ಲ! ಅಣ್ಣನ ಮನೆಯ ಗೋಡೆಯಾಚೆ ನಾನಿದ್ದೆ, ನನ್ನನ್ನು ಕೇಳಲಿಲ್ಲ. ಇನ್ನೊಬ್ಬನ ಹತ್ತಿರ ಇದೆಯಲ್ಲ ಎಂಬ ಧೈರ್ಯದಲ್ಲಿ ಇಬ್ಬರೂ ಒಂದೇ ಗುಂಡಿ ಒತ್ತಿದರು. ಯಂತ್ರ ಸಾಯುವುದಕ್ಕೆ ಮದ್ದು ಹುಡುಕಲು ಹುಬ್ಬಳ್ಳಿಗೆ ಹೋದ ಮನುಷ್ಯ, ತನ್ನವರ ಈ ಧೈರ್ಯಕ್ಕೆ ಮದ್ದು ಹುಡುಕಿರಲಿಲ್ಲ.

ಎರಡು ವರ್ಷ ಟೈಪು ಹೊಡೆದವರಲ್ಲವೇ ನೀವು, ನೆನಪಿಲ್ಲವೇ ಬಾಯಾರ ಎಂದು ಯಲ್ಲಪ್ಪ ಕೇಳಿದ. ಬೆರಳಿಗೆ ನೆನಪಿರುತ್ತದೆ, ತಲೆಗೆ ಇರುವುದಿಲ್ಲ. ನಂದಗಡದ ಮಣ್ಣಿಗೆ ಬೂದಿ ಬೆರೆಸಿದ್ದು ನೆನಪಿತ್ತು, ಮರಳು ಎರಡು ಪಾಲೋ ಮೂರೋ ಹೊಳೆಯಲಿಲ್ಲ. ಅವನು ಆ ಚಳಿಗಾಲ ಪೂರ್ತಿ ಬಿಲ್ಲೆ ಸುಟ್ಟ. ರವಿವಾರ ರವಿವಾರ ನಾನು ಹೋಗಿ ಬರೆದುಕೊಂಡೆ. ಸೀಳಿದ್ದನ್ನೂ ಬರೆದೆವು. ಬೇಸಿಗೆಯ ಹೊತ್ತಿಗೆ ಒಂದು ಬೆರಕೆ ನಿಂತಿತು. ಆದರೆ ಆ ಹೊತ್ತಿಗೆ ರಂಜಣಗಿಯ ಒಂದು ಇಡೀ ಹಂಗಾಮು ಅವನ ಕೈ ಬಿಟ್ಟಿತ್ತು. ಒಂದು ಮಣ್ಣಿಗೆ ಒಂದು ವರ್ಷ. ಸಾಹೇಬರ ಹದಿಮೂರು ನೋಟ್‌ಬುಕ್ಕಿನಲ್ಲಿ ಎಷ್ಟು ಊರಿನ ಮಣ್ಣಿತ್ತೋ, ಲೆಕ್ಕ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಮೊನ್ನೆ ದೊಡ್ಡ ತಮ್ಮನವರು ಬಂದಿದ್ದರು. ವರ್ಷದ ಸ್ಮರಣೆಗೆ ಒಂದು ಪುಸ್ತಿಕೆ ಮಾಡಿ ಐದುನೂರು ಪ್ರತಿ ಹಂಚುತ್ತಾರಂತೆ. ಅಣ್ಣನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ, ಕಡೆಯ ಪುಟಕ್ಕೆ ದೊಡ್ಡ ಫೋಟೋ ಅಂತೆ. ನಾನು ಒಳಗೆ ಹೋಗಿ ಒಂದು ಹಾಳೆ ತಂದುಕೊಟ್ಟೆ. ಅವರು ಓದಿ, ಹೊರಳಿಸಿ, ಮತ್ತೆ ಓದಿದರು.

‘ಇದು ಮಣ್ಣಿನ ಲೆಕ್ಕರೀ ಅಕ್ಕಾರ. ಇಂಥಾ ಪುಸ್ತಕದಾಗ ಇದನ್ನ ಯಾರು ಓದತಾರ?’

‘ಯಾರೂ ಓದೂದು ಬ್ಯಾಡ್ರಿ. ಫೋಟೋ ಜಾಗಾದಾಗ ಇದನ್ನ ಹಾಕ್ರಿ. ಐದನೂರು ಮನ್ಯಾಗ ಬಿದ್ದಿರಲಿ.’

ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದಾರೆ. ಹಾಕುತ್ತಾರೋ ಇಲ್ಲವೋ, ನನಗೆ ಯಾರ ಮೇಲೂ ಭರವಸೆ ಉಳಿದಿಲ್ಲ. ಆದ್ದರಿಂದ ಇಲ್ಲೂ ಬರೆಯುತ್ತೇನೆ: ನಂದಗಡದ ಕಡೆಯ ಕರಿಮಣ್ಣು ಆರು ಪಾಲು, ಮಲಪ್ರಭೆಯ ದಂಡೆಯ ಸಣ್ಣ ಮರಳು ಎರಡು ಪಾಲು, ಜರಡಿ ಹಿಡಿದ ಬೂದಿ ಅರ್ಧ ಪಾಲು. ತುಳಿದು ಮೂರು ದಿನ ಒದ್ದೆ ಗೋಣಿಯಲ್ಲಿ ಮುಚ್ಚಿಡಬೇಕು. ಗಾಳಿ ಸೋಕದ ನೆರಳಲ್ಲಿ ಒಂಬತ್ತು ದಿನ ಒಣಗಿಸಬೇಕು. ಮೊದಲ ಉರಿ ನಿಧಾನ.